ಪಾಪಪರಿಹಾರದ ಲೆಕ್ಕಕ್ಕ ಮನಸ್ಸು ಒಪ್ಪವಲ್ದು, ನೀವೇನ ಮಾಡಿದ್ರಿ?

ಪ್ರಶ್ನೆ (ಗುಳೇದಗುಡ್ಡದಿಂದ)

ಎಲ್ಲರಿಗೂ ನಮಸ್ಕಾರ್ರಿ. ನಮ್ಮದು ಬಾಸೆಲ್ ಮಿಷನ್ (ಸ್ವಿಟ್ಜರ್ಲೆಂಡಿನ ಕ್ರೈಸ್ತ ಮಿಷನರಿ ಸಂಸ್ಥೆ) ಕಾಲದಿಂದ ಕ್ರೈಸ್ತ ಸಭೆಯೊಳಗಿರೋ ನೇಕಾರರ ಮನೆತನ. ನಾನು ಸಂಡೇ ಸ್ಕೂಲಿನಾಗ ಸಣ್ಣ ಹುಡುಗರಿಗೆ ಕಲಸ್ತೀನಿ. ಶುಭ ಶುಕ್ರವಾರದ ಪಾಠದಾಗ, ನಮ್ಮ ಪಾಪಕ್ಕ ಬರಬೇಕಾದ ಶಿಕ್ಷೆ ಯೇಸು ತಗೊಂಡ ಅಂದೆ. ಐದನೇತ್ತೆ ಹುಡುಗಿ ಎದ್ದು ನಿಂತು, "ಟೀಚರ್, ನಮ್ಮ ಸಾಲ್ಯಾಗ ಒಬ್ಬಾಂವ ಮಾಡಿದ್ದಕ್ಕ ಇನ್ನೊಬ್ಬಾಂವಗ ಹೊಡದ್ರ ಹೆಡ್ ಸರ್ ಬೈತಾರ" ಅಂದ್ಲು. ಉಳದ ಹುಡುಗರು ನಕ್ಕರು. ನನಗ ನಗು ಬರಲಿಲ್ಲ, ಯಾಕಂದ್ರ ಅದು ನನ್ನ ಪ್ರಶ್ನೆನೂ ಹೌದು. ಹಿಂಗ ಅನುಮಾನ ಬಂದವರು ಏನ ಮಾಡಿದ್ರಿ? ಕಲಿಸೂದು ಬಿಟ್ರೇನು? ಮನ್ಯಾಗ ಹೇಳಿದ್ರೇನು? ಪ್ರಭು ಭೋಜನ, ಅಂದ್ರ ಸಭೆಯಾಗ ಕೊಡೋ ರೊಟ್ಟಿ-ದ್ರಾಕ್ಷಾರಸ, ತಗೋತೀರೇನು?

ಬೆಳಗಾವಿ ಕ್ಯಾಂಪಿನ ನಿವೃತ್ತ ಮಾಸ್ತರು

ತಂಗಿ, ಆ ಹುಡುಗಿ ಕೇಳಿದ್ದನ್ನ 12ನೇ ಶತಮಾನದಾಗ ಪ್ಯಾರಿಸ್ಸಿನ ಪಂಡಿತ ಅಬೆಲಾರ್ಡ್ ಕೇಳ್ಯಾನ. ನಿರಪರಾಧಿಯ ರಕ್ತಾನ ಬೆಲೆ ಅಂತ ಕೇಳೂದು ಎಂಥ ಕ್ರೌರ್ಯ ಅಂತ ಬೈಬಲ್ಲಿನಾಗ ಪೌಲ ರೋಮಾಪುರದವರಿಗೆ ಬರೆದ ಪತ್ರಕ್ಕ ವ್ಯಾಖ್ಯಾನ ಬರೆಯೂ ಮುಂದ ಬರದಾನ. ಆ ಕಾಲದಾಗ ಅಂವಗ ಸಭೆಯ ದೊಡ್ಡವರ ಕಾಟ ಕಡಿಮಿ ಇರಲಿಲ್ಲ, ಅದು ಬ್ಯಾರೆ ಮಾತು.

ನಮಗ ಸಣ್ಣಂದಿರತಾ ಕಲಿಸಿದ ಲೆಕ್ಕ ಮೊದಲಿಂದ ಹಿಂಗ ಇರಲಿಲ್ಲ. ಮೊದಲ ಶತಮಾನಗಳ ಬಹಳ ಮಂದಿ, ಯೇಸುವಿನ ಪ್ರಾಣ ಸೈತಾನನ ಕೈಯಿಂದ ನಮ್ಮನ್ನ ಬಿಡಿಸಾಕ ಕೊಟ್ಟದ್ದು ಅಂತಿದ್ರು. 4ನೇ ಶತಮಾನದ ಬಿಷಪ್ ನಿಸ್ಸಾದ ಗ್ರೆಗೊರಿ ಅಂತೂ, ಕ್ರಿಸ್ತನ ಮನುಷ್ಯದೇಹ ಗಾಳಕ್ಕ ಹಚ್ಚಿದ ಎರೆ, ಸೈತಾನ ನುಂಗಿ ಸಿಕ್ಕಿಬಿದ್ದ ಅಂತ ಬರದ. ಇವತ್ತು ಯಾರಾದ್ರೂ ಪ್ರಸಂಗದಾಗ ಹಂಗಂದ್ರ ಮಂದಿ ಎದ್ದು ಹೋಗ್ತಾರ. 1098ರ ಸುಮಾರಿಗೆ ಇಂಗ್ಲೆಂಡಿನ ಕ್ಯಾಂಟರ್ಬರಿಯ ಆರ್ಚ್‌ಬಿಷಪ್ ಆನ್ಸೆಲ್ಮ್ ಬಂದು, ನಮ್ಮ ಪಾಪದಿಂದ ದೇವರ ಮಾನಕ್ಕ ಕುಂದು ಬಂದೈತಿ, ಅದನ್ನ ತುಂಬಿಕೊಡಬೇಕು ಅಂದ. ಧಣಿ ಮತ್ತ ಒಕ್ಕಲು ಅನ್ನೋ ಆಗಿನ ಯುರೋಪಿನ ವಾಸನಿ ಅದರಾಗ ಹೊಡೀತೈತಿ. ಕೋರ್ಟು, ಶಿಕ್ಷೆ ಅನ್ನೋ ಭಾಷೆ ಗಟ್ಟಿ ಆದದ್ದು 16ನೇ ಶತಮಾನದಾಗ, ಪ್ರೊಟೆಸ್ಟಂಟ್ ಸುಧಾರಕ ಕ್ಯಾಲ್ವಿನ್ ಕಾಲಕ್ಕ. ನಮ್ಮ ಬೆಳಗಾವಿಗೆ 1820ರಾಗ ಲಂಡನ್ ಮಿಷನ್ ಬಂತು, ಆಮ್ಯಾಲೆ ನಿಮ್ಮ ಕಡೆ ಬಾಸೆಲ್ಲಿನವರು. ಅವರೆಲ್ಲಾ ಪ್ರೊಟೆಸ್ಟಂಟರು, ಅದಕ್ಕ ನಮ್ಮ ಮನಿಗೆ ಬಂದದ್ದು ಆ ಭಾಷೆನ. ನೈಸಿಯ ವಿಶ್ವಾಸಪ್ರಮಾಣ, ಅಂದ್ರ ಸಭೆಯವರು ಹೇಳೋ ಹಳೇ ನಂಬಿಕೆಯ ಹೇಳಿಕೆ, ಓದಿ ನೋಡು: "ನಮಗಾಗಿ, ನಮ್ಮ ರಕ್ಷಣೆಗಾಗಿ" ಅಂತೈತಿ, ಹೆಂಗ ಅನ್ನೂದನ್ನ ಹೇಳೇ ಇಲ್ಲ.

ನಾನು ಕಲಿಸೂದು ಬಿಡಲಿಲ್ಲ. ಸಭಾಪಾಲಕರ ಮುಂದ ಕುಂತು, ನನಗ ಶಿಕ್ಷೆಯ ಮಾತು ಹೇಳಾಕ ಆಗೂದಿಲ್ಲ, ಬೈಬಲ್ಲಿನ ಲೂಕನ 15ನೇ ಅಧ್ಯಾಯದ ಕಳದುಹೋದ ಮಗನ ಕಥಿ ಹೇಳ್ತೀನಿ ಅಂದೆ. ಆಸ್ತಿ ಹಾಳು ಮಾಡಿದ ಮಗ ತಿರುಗಿ ಬಂದ್ರ, ಆ ಅಪ್ಪ ಯಾರ ರಕ್ತಾನೂ ಕೇಳೂದಿಲ್ಲ, ಓಡಿ ಬರ್ತಾನ. ಅವರು ಸುಮ್ನ ಕೇಳಿ, ಚಾ ತರಿಸಿದ್ರು. ಎಲ್ಲಾರಿಗೂ ಅಂಥವರು ಸಿಗೂದಿಲ್ಲ ಬಿಡು.

ವಿಜಯಪುರದಿಂದ, ಈಗ ಸಭೆಗೆ ಹೋಗದಾಕಿ

ಮಾಸ್ತರ ಹೇಳಿದ್ದು ಖರೆ, ಆದ್ರ ಅಷ್ಟಕ್ಕ ಮುಗಿಯೂದಿಲ್ರೀ. ಇಬ್ರಿಯರಿಗೆ 9:22 ತಗೀರಿ, ರಕ್ತ ಸುರಿಯದ ಕ್ಷಮೆ ಇಲ್ಲ ಅಂತೈತಿ. ಈ ಲೆಕ್ಕದ ಬೀಜ ಬೈಬಲ್ಲಿನಾಗ ಐತಿ, ಆನ್ಸೆಲ್ಮನ ಮ್ಯಾಲೆ ಹಾಕಿ ಕೈ ತೊಳಕೊಳ್ಳಾಕ ಬರೂದಿಲ್ಲ. ಮತ್ತ ಅದೇ ಪುಸ್ತಕದಾಗ ಯೆಹೆಜ್ಕೇಲ 18, ಅಪ್ಪನ ದೋಷ ಮಗ ಹೊರೂದಿಲ್ಲ ಅಂತೈತಿ. ಎರಡೂ ಓದಿದ ಮ್ಯಾಲೆ ನನಗ ಒಳಗ ಇರಾಕ ಆಗಲಿಲ್ಲ.

ಆದ್ರ ನಾ ಬಿಟ್ಟದ್ದು ವಚನದಿಂದಲ್ಲ. ನಮ್ಮ ಸಂಬಂಧಿಕನೊಬ್ಬ ನಮ್ಮವ್ವನ ಪಾಲಿನ ಹೊಲ ಉತಾರದಾಗ ತನ್ನ ಹೆಸರಿಗೆ ಮಾಡ್ಕೊಂಡ. ಆಮ್ಯಾಲೆ ಪ್ರಾರ್ಥನಾ ಕೂಟದಾಗ ಎದ್ದು ನಿಂತು ಸಾಕ್ಷಿ ಹೇಳಿದ, ನನ್ನ ಪಾಪ ಎಲ್ಲಾ ತೊಳದು ಹೋತು ಅಂತ. ಮಂದಿ ಹಲ್ಲೆಲೂಯ ಅಂದ್ರು. ನಮ್ಮವ್ವ ಹಿಂದಿನ ಚಾಪಿ ಮ್ಯಾಲೆ ಕುಂತಿದ್ಲು. ಹೊಲ ಇವತ್ತಿಗೂ ಅವನ ಹೆಸರಿಗೇ ಐತಿ. ಲೂಕನ 19ರಾಗ ಸುಂಕದವ ಜಕ್ಕಾಯ, ಮೋಸದ್ದು ನಾಲ್ಕರಷ್ಟು ತಿರುಗಿ ಕೊಡ್ತೀನಿ ಅಂದ ಮ್ಯಾಲೆ, ಈ ಮನಿಗೆ ಈಹೊತ್ತು ರಕ್ಷಣೆ ಬಂತು ಅಂತಾನ ಯೇಸು. ಯೇಸು ಶಿಲುಬೆಗೆ ಏರೂದು ಆಗ ಇನ್ನೂ ಆಗಿರಲಿಲ್ಲ. ಇದನ್ನ ಯಾಕ ಕೂಟದಾಗ ಹೇಳೂದಿಲ್ಲ?

ಕೂಡಲಸಂಗಮದ ಕಡೆಯವ

ನಾನು ಲಿಂಗಾಯತ, ನಡುವ ಬಾಯಿ ಹಾಕ್ತೀನಿ. ಬಸವಣ್ಣ ಬಲಿಯ ಹೋತಿಗೆ, ವೇದ ಓದಿದವರ ಮುಂದ ಅಳು ಅಂದಾನ. ಹಂಗಂತ ನಿಮಗ ಬುದ್ಧಿ ಹೇಳೂ ಯೋಗ್ಯತೆ ನಮಗಿಲ್ಲ, ನಮ್ಮೂರ ಜಾತ್ರ್ಯಾಗ ಇನ್ನೂ ಕುರಿ ಬೀಳ್ತಾವ.

ಗೋಕಾಕದ ನರ್ಸ್

ನೀವೆಲ್ಲಾ ಮೂರನೇಯವನೊಬ್ಬನ್ನ ಎಳದು ತಂದು ಹೊಡದಂಗ ಮಾತಾಡ್ತೀರಿ. ತ್ರಯೈಕತ್ವ, ಅಂದ್ರ ತಂದೆ, ಮಗ, ಪವಿತ್ರಾತ್ಮ ಮೂವರೂ ಒಬ್ಬನೇ ದೇವರು ಅನ್ನೂದನ್ನ, ನಂಬೋರಿಗೆ ಹೊಡಸ್ಕೊಂಡಾಂವ ದೇವರೇ, ಹೊರಗಿನಾಂವ ಅಲ್ಲ. ಒಂದು ರಾತ್ರಿ ಪಾಳೆದಾಗ ಮುದುಕನೊಬ್ಬ ನನ್ನ ಕೈ ಹಿಡಕೊಂಡ. ಹೇಣ್ತಿಗೆ ಜೀವನ ಪೂರ್ತಿ ಹೊಡದಾಂವ, ಆಕಿ ಸತ್ತು ಹೋಗ್ಯಾಳ. ಯಾರಿಗೆ ನಾಲ್ಕರಷ್ಟು ತಿರುಗಿ ಕೊಡಬೇಕು ಅಂವ? ನಾನು ಶಿಲುಬೆಯ ಮಾತೇ ಹೇಳಿದೆ. ಮತ್ತೂ ಹೇಳ್ತೀನಿ.

ವಿಜಯಪುರದಾಕಿ

ಅಕ್ಕಾರ, ಆ ಮುದುಕನಿಗೆ ನನ್ನ ಕಡೆ ಉತ್ತರ ಇಲ್ರೀ. ಆದ್ರ ಆ ಹೇಣ್ತಿಗೇನ ಸಿಕ್ತು ಅಂತ ನಾ ಕೇಳಾಕಿ.

ಬೆಳಗಾವಿ ಮಾಸ್ತರು

ತಂಗಿ, ಉಳದದ್ದಕ್ಕ ಉತ್ತರ. ಪ್ರಭು ಭೋಜನ ನಾನು ತಗೋತೀನಿ, ಒಂದಿಷ್ಟು ವರ್ಷ ತಗೊಂಡಿರಲಿಲ್ಲ, ಯಾರೂ ಯಾಕಂತ ಕೇಳಲಿಲ್ಲ. ಮನ್ಯಾಗ ಮೊದಲು ಅವ್ವಗ ಹೇಳು, ಅಪ್ಪಗ ಆಕಿ ಹೇಳ್ತಾಳ. ಹಬ್ಬದ ಹೊತ್ತಿನಾಗ ಮಾತ್ರ ಈ ಮಾತು ತಗೀಬ್ಯಾಡ, ಬಂದ ಬೀಗರ ಮುಂದ ಅದು ಜಗಳಾಗೇ ಮುಗೀತೈತಿ.