ನರಕೋಶದಲ್ಲಿ ಎನ್‌ಆರ್‌ಎಫ್2 ಯಾಕೆ ಇಷ್ಟು ಕಡಿಮೆ?

ದಾವಣಗೆರೆ ಹುಡುಗಿ
ಎಂಎಸ್ಸಿ ಬಯೋಕೆಮಿಸ್ಟ್ರಿ ಓದುತ್ತಿದ್ದೇನೆ, ಸೆಮಿನಾರ್‌ಗೆ ಇದೇ ವಿಷಯ. ಮೆದುಳು ದೇಹದ ತೂಕದಲ್ಲಿ ಸುಮಾರು ಶೇ. 2 ಇದ್ದರೂ ಆಮ್ಲಜನಕದಲ್ಲಿ ಸುಮಾರು ಶೇ. 20 ಅದಕ್ಕೇ ಬೇಕು. ನಮ್ಮ ಮನೆ ಮಂಡಕ್ಕಿ ಭಟ್ಟಿ ಹತ್ತಿರವೇ, ಒಲೆ ಉರಿದಷ್ಟೂ ಹೊಗೆ ಅನ್ನೋದು ನೋಡಿಯೇ ಬೆಳೆದಿದ್ದೇನೆ. ಕೋಶಕ್ಕೆ ಶಕ್ತಿ ತಯಾರಿಸುವ ಮೈಟೊಕಾಂಡ್ರಿಯದಲ್ಲೂ ಹಾಗೇ ಸೂಪರಾಕ್ಸೈಡ್ ಅನ್ನೋ ಹಾನಿಕರ ಆಮ್ಲಜನಕ ರೂಪ ಸೋರುತ್ತದೆ. ಹಾಗಿದ್ದರೆ ನರಕೋಶದಲ್ಲೇ ರಕ್ಷಣೆ ಜಾಸ್ತಿ ಇರಬೇಕು ಅಲ್ವಾ? ಓದಿದರೆ ಉಲ್ಟಾ, ರಕ್ಷಣೆಯ ಜೀನ್‌ಗಳನ್ನು ಚಾಲೂ ಮಾಡುವ ಪ್ರೋಟೀನ್ ಎನ್‌ಆರ್‌ಎಫ್2 ಪಕ್ಕದ ಪೋಷಕ ಕೋಶ ಆಸ್ಟ್ರೋಸೈಟ್‌ನಲ್ಲೇ ಜಾಸ್ತಿ ಅಂತಾರೆ.

ಇನ್ನೊಂದು ಮಾತು. ಅಪ್ಪನಿಗೆ ಪಾರ್ಕಿನ್ಸನ್ಸ್ ಇದೆ. ಒಂದು ಔಷಧಿ ಅಂಗಡಿಯಲ್ಲಿ ಗ್ಲುಟಾಥಿಯೋನ್ (ಕೋಶದ ಒಂದು ಮುಖ್ಯ ಆ್ಯಂಟಿಆಕ್ಸಿಡೆಂಟ್) ಮಾತ್ರೆ ಕೊಟ್ಟು ಕಳಿಸಿದ್ದಾರೆ. ಕೊಡಬಹುದಾ?

ದುರ್ಗದ ಮೇಷ್ಟ್ರು
ತಂಗಿ, ಮೊದಲು ಸ್ವಿಚ್ ನೋಡಿ. ಎನ್‌ಆರ್‌ಎಫ್2 ತಯಾರಾಗುತ್ತಲೇ ಇರುತ್ತದೆ, ಕೀಪ್1 ಅನ್ನೋ ಇನ್ನೊಂದು ಪ್ರೋಟೀನ್ ಅದನ್ನು ಹಿಡಿದು ಒಡೆಯಲು ಕಳಿಸುತ್ತಲೇ ಇರುತ್ತದೆ. ಆಕ್ಸಿಡೆಂಟ್‌ಗಳು (ಆಕ್ಸಿಡೀಕರಿಸುವ ಅಣುಗಳು) ಹೆಚ್ಚಾಗಿ ಕೀಪ್1ನ ಸಿಸ್ಟೀನ್ ಅನ್ನೋ ಅಮೈನೋ ಆಮ್ಲಗಳಿಗೆ ತಗುಲಿದಾಗ ಒಡೆಯುವ ಕೆಲಸ ನಿಲ್ಲುತ್ತದೆ. ಆಗ ಎನ್‌ಆರ್‌ಎಫ್2 ಕೋಶಕೇಂದ್ರಕ್ಕೆ ಹೋಗಿ ಗ್ಲುಟಾಥಿಯೋನ್ ಕಟ್ಟುವ ಕಿಣ್ವಗಳ ಜೀನ್‌ಗಳನ್ನು ಚಾಲೂ ಮಾಡುತ್ತದೆ. ಆಸ್ಟ್ರೋಸೈಟ್ ಹೀಗೆ ಮಾಡಿದ ಗ್ಲುಟಾಥಿಯೋನ್ ಹೊರಗೆ ಬಿಡುತ್ತದೆ, ಅದು ಹೊರಗೇ ಒಡೆದು, ಗ್ಲುಟಾಥಿಯೋನ್ ಕಟ್ಟಲು ಬೇಕಾದ, ಸಿಗೋದೇ ಕಷ್ಟವಾದ ಸಿಸ್ಟೀನ್ ನರಕೋಶದ ಒಳಗೆ ಹೋಗುತ್ತದೆ, ಅಲ್ಲಿ ಮತ್ತೆ ಗ್ಲುಟಾಥಿಯೋನ್ ಆಗುತ್ತದೆ.

ಯಾಕೆ ಕಡಿಮೆ ಅಂದರೆ, 2015ರಲ್ಲಿ ಇಲಿಯ ನರಕೋಶಗಳಲ್ಲಿ ಕಂಡದ್ದು ಇದು: ಕೋಶ ಬಲಿಯುವಾಗಲೇ ಎನ್‌ಆರ್‌ಎಫ್2 ಜೀನ್‌ಗೆ ಬೀಗ ಬೀಳುತ್ತದೆ. ಕವಲು ಚಾಚಲು, ಸಿನಾಪ್ಸ್ (ನರಕೋಶಗಳ ನಡುವಿನ ಸಂಧಿ) ಕಟ್ಟಲು ಒಂದಿಷ್ಟು ಆಕ್ಸಿಡೆಂಟ್ ಸಂಕೇತ ಬೇಕು. ರಕ್ಷಣೆ ಅತಿಯಾದರೆ ಬೆಳವಣಿಗೆಯೇ ಕುಂಠಿತ. ನನಗೆ ಈ ವಿಷಯದಲ್ಲಿ ತುಂಬಾ ಇಷ್ಟವಾದ ಭಾಗ ಇದೇ.

ಲ್ಯಾಬ್ ಅಕ್ಕ
ಮೇಷ್ಟ್ರೇ, ಒಂದು ಸೇರಿಸುತ್ತೇನೆ. ನರಕೋಶ ಸುಮ್ನೆ ಕೂತಿಲ್ಲ. ಅದು ಗ್ಲೂಕೋಸ್ ಒಡೆದು ಶಕ್ತಿ ಕೊಡುವ ದಾರಿಗೆ ವೇಗ ಕೊಡುವ ಪಿಎಫ್‌ಕೆಎಫ್‌ಬಿ3 ಅನ್ನೋ ಕಿಣ್ವವನ್ನು ಒಡೆಯುತ್ತಲೇ ಇರುತ್ತದೆ, ಹಾಗಾಗಿ ಗ್ಲೂಕೋಸ್ ಪೆಂಟೋಸ್ ಫಾಸ್ಫೇಟ್ ಅನ್ನೋ ಇನ್ನೊಂದು ದಾರಿ ಹಿಡಿದು ಎನ್‌ಎಡಿಪಿಎಚ್ (ಎಲೆಕ್ಟ್ರಾನ್ ಒದಗಿಸುವ ಅಣು) ಕೊಡುತ್ತದೆ. ಬಳಸಿದ ಗ್ಲುಟಾಥಿಯೋನ್ ಮತ್ತೆ ಸಜ್ಜಾಗೋದು ಅದರಿಂದಲೇ. ಸಿನಾಪ್ಸ್ ಚುರುಕಾಗಿದ್ದರೆ ಥಯೊರೆಡಾಕ್ಸಿನ್ ಅನ್ನೋ ಇನ್ನೊಂದು ರಕ್ಷಣಾ ವ್ಯವಸ್ಥೆಯೂ ಬಲವಾಗುತ್ತದೆ, ಇದು 2008ರಲ್ಲಿ ಗೊತ್ತಾಯಿತು.

ಅಪ್ಪನ ವಿಷಯ ಮುಖ್ಯ. ಪಾರ್ಕಿನ್ಸನ್ಸ್‌ನಲ್ಲಿ ಮೆದುಳಿನ ಸಬ್‌ಸ್ಟಾನ್ಷಿಯಾ ನೈಗ್ರಾ ಅನ್ನೋ ಭಾಗದಲ್ಲಿ ಗ್ಲುಟಾಥಿಯೋನ್ ಕಡಿಮೆ ಇರುವುದು ನಿಜ. ಆದರೆ ನುಂಗಿದ್ದು ಬಹುಪಾಲು ಕರುಳಿನಲ್ಲೇ ಒಡೆಯುತ್ತದೆ. ಇನ್ನೊಂದು ಆ್ಯಂಟಿಆಕ್ಸಿಡೆಂಟ್ ಆದ ವಿಟಮಿನ್ ಇ ಕೂಡ 800 ರೋಗಿಗಳ ಮೇಲೆ ಪರೀಕ್ಷೆಯಾಯಿತು, 1993ರಲ್ಲಿ ಫಲಿತಾಂಶ ಬಂತು, ಕಾಯಿಲೆಯ ಓಟ ನಿಧಾನವಾಗಲಿಲ್ಲ. ಈಗ ಕೊಡುತ್ತಿರುವ ಔಷಧಿ ನಿಲ್ಲಿಸಬೇಡಿ, ಆ ಡಬ್ಬಿ ನರರೋಗ ವೈದ್ಯರಿಗೆ ತೋರಿಸಿ.

ದಾವಣಗೆರೆ ಹುಡುಗಿ
ಅಕ್ಕಾ, ಮೇಷ್ಟ್ರೇ, ತುಂಬಾ ಥ್ಯಾಂಕ್ಸ್. ಡಬ್ಬಿ ಇನ್ನೂ ಒಡೆದಿಲ್ಲ. ಸೋಮವಾರ ಅಪ್ಪನನ್ನು ಕರೆದುಕೊಂಡು ಹೋಗುವಾಗ ಅದನ್ನೂ ಬ್ಯಾಗಿನಲ್ಲಿ ಹಾಕಿಕೊಳ್ಳುತ್ತೇನೆ.