ನೂರು ವರ್ಷದ ಹಿಂದೆ ಅಮೆರಿಕದ ರೈತರ ಮದುವೆ ಹೇಗಿತ್ತು?

ಸಿಂಧನೂರು ಹುಡುಗ:
ಅಕ್ಕನ ಮಗ ಅಯೋವಾದಲ್ಲಿ ಓದುತ್ತಿದ್ದಾನೆ. ಅಲ್ಲಿನ ಹಳೆ ಮದುವೆ ಫೋಟೊ ಕಳಿಸಿದ, 1900ರ ಆಸುಪಾಸಿನದು. ಮದುಮಗಳು ಕಪ್ಪು ಬಟ್ಟೆಯಲ್ಲಿ ನಿಂತಿದ್ದಾಳೆ! ಅಮ್ಮ ನೋಡಿ ‘ಇದು ಮದುವೆನಾ, ತಿಥಿನಾ’ ಅಂದರು. ಅಲ್ಲಿ ಬಿಳಿ ಗೌನ್ ಅಲ್ವಾ?

ಜೋಳದ ರೊಟ್ಟಿ:
ಬಿಳಿ ಬಟ್ಟೆಗೆ ಹೆಸರು ಬಂದದ್ದು 1840ರಲ್ಲಿ ವಿಕ್ಟೋರಿಯಾ ರಾಣಿ ಅದನ್ನುಟ್ಟು ಮದುವೆಯಾದ ಮೇಲೆ. ಆದರೆ ಸಗಣಿ, ಕೆಸರು, ಒಲೆ ಅಂತ ದುಡಿಯುವವರಿಗೆ ಒಂದೇ ದಿನ ಉಡುವ ಬಟ್ಟೆ ಎಲ್ಲಿ ಪೂರೈಸುತ್ತದೆ? ಅದಕ್ಕೇ ಕಪ್ಪು, ಕಂದು, ಕಡುನೀಲಿ ಬಟ್ಟೆ ಹೊಲಿಸಿ, ಮದುವೆ ಮುಗಿದ ಮೇಲೆ ವರ್ಷಗಟ್ಟಲೆ ಚರ್ಚಿಗೆ, ಹಬ್ಬಕ್ಕೆ ಅದನ್ನೇ ಉಡುತ್ತಿದ್ದರು. ಜರ್ಮನಿ, ನಾರ್ವೆ ಕಡೆಯಿಂದ ಬಂದ ಕುಟುಂಬಗಳಲ್ಲಂತೂ ಕಪ್ಪು ಅಪರೂಪವಲ್ಲ. ಮದುವೆ ಎಷ್ಟೋ ಸಲ ಹೆಣ್ಣಿನ ಮನೆಯ ಪಡಸಾಲೆಯಲ್ಲೇ. ಪಾದ್ರಿ ಮನೆಗೇ ಬರುತ್ತಿದ್ದ.

ಕುಷ್ಟಗಿ ಕಾಕಾ:
ಮಜಾ ಇರುವುದು ರಾತ್ರಿ. ‘ಶಿವರೀ’ ಅಂತ ಒಂದು ಪದ್ಧತಿ (ನಮ್ಮ ಶಿವನಿಗೂ ಅದಕ್ಕೂ ಸಂಬಂಧವಿಲ್ಲ, ಫ್ರೆಂಚ್ ಮೂಲದ ಪದ). ಹೊಸ ಜೋಡಿ ಮಲಗಿದ ಮೇಲೆ ಅಕ್ಕಪಕ್ಕದ ಹೊಲದವರೆಲ್ಲ ಸೇರಿ ಮನೆ ಸುತ್ತ ತಪ್ಪಲೆ ಬಡಿಯುವುದು, ಗಂಟೆ ಬಾರಿಸುವುದು, ಗಾಳಿಗೆ ಬಂದೂಕು ಹಾರಿಸುವುದು. ಗಂಡ ಎದ್ದು ಬಂದು ತಿನ್ನಲು ಏನಾದರೂ ಕೊಡುವವರೆಗೂ ಬಿಡುತ್ತಿರಲಿಲ್ಲ.

ಗಂಗಾವತಿ ಅಕ್ಕ:
ನಮ್ಮಲ್ಲಿ ಡಿಜೆ ಇದೆಯಲ್ಲ, ಅದೇ ಶಿವರೀ 😀 ತಿನ್ನಲು ಕೊಟ್ಟರೂ ನಿಲ್ಲಿಸುವುದಿಲ್ಲ ಅಷ್ಟೇ. ಅವರು ಸುಗ್ಗಿ ನೋಡಿಯೇ ದಿನ ಇಡುತ್ತಿದ್ದರಾ?

ಕುಷ್ಟಗಿ ಕಾಕಾ:
ಹೂಂ, ಸಾಮಾನ್ಯವಾಗಿ ಬಿತ್ತನೆ, ಕೊಯ್ಲು ಬಿಟ್ಟು. ಮೆಕ್ಕೆಜೋಳ ತೆನೆ ಮುರಿದ ಮೇಲೆ ಚಳಿಗಾಲದಲ್ಲಿ ಬಿಡುವು ಜಾಸ್ತಿ.

ಸಿಂಧನೂರು ಹುಡುಗ:
ಅಮ್ಮನಿಗೆ ಓದಿ ಹೇಳಿದೆ. ‘ಬಟ್ಟೆ ವಿಷಯದಲ್ಲಿ ಅವರೇ ಶಾಣ್ಯಾರು, ನನ್ನ ಧಾರೆ ಸೀರೆ ಟ್ರಂಕಿನಲ್ಲೇ ಹರಿದುಹೋಯಿತು’ ಅಂದರು.