ಅಪ್‌ಡೇಟ್: ಮಗಳ ಪಾರ್ಟ್ಸ್ ಆಫ್ ಸ್ಪೀಚ್ ಗೊಂದಲ ಬಗೆಹರಿಯಿತು
ಹೋದ ವಾರ ಕೇಳಿದ್ದೆನಲ್ಲ, ಏಳನೇ ಕ್ಲಾಸಿನ ಮಗಳಿಗೆ ಇಂಗ್ಲಿಷಿನ 8 ಪಾರ್ಟ್ಸ್ ಆಫ್ ಸ್ಪೀಚ್ (ನಾಮಪದ, ಕ್ರಿಯಾಪದದಂಥ ಪದಗಳ ವರ್ಗಗಳು) ಬಾಯಿಪಾಠ, ಆದರೆ ವಾಕ್ಯದಲ್ಲಿ ಗುರುತಿಸಲು ಬರುವುದಿಲ್ಲ ಅಂತ. ಈಗ ಬರುತ್ತಿದೆ!

"ಪದ ನೋಡಬೇಡಿ, ವಾಕ್ಯದಲ್ಲಿ ಅದು ಮಾಡುವ ಕೆಲಸ ನೋಡಿ" ಎಂದವರಿಗೆ ದೊಡ್ಡ ಥ್ಯಾಂಕ್ಸ್. ‘ಫಾಸ್ಟ್’ ಪದವನ್ನೇ ಹಿಡಿದು ಕೂತೆವು. ‘ಎ ಫಾಸ್ಟ್ ಟ್ರೇನ್’: ಎಂಥ ರೈಲು? ಅಡ್ಜೆಕ್ಟಿವ್. ‘ಶೀ ರನ್ಸ್ ಫಾಸ್ಟ್’: ಹೇಗೆ ಓಡುತ್ತಾಳೆ? ಅಡ್ವರ್ಬ್. ‘ದೇ ಫಾಸ್ಟ್ ಆನ್ ಏಕಾದಶಿ’: ಏನು ಮಾಡುತ್ತಾರೆ? ಉಪವಾಸ, ಅಂದರೆ ವರ್ಬ್. "ಅಯ್ಯೋ, ಒಂದೇ ಪದ ಅಲ್ವಾ!" ಎಂದು ಕಣ್ಣರಳಿಸಿದಳು.

ಪಟ್ಟಿ ಉರು ಹೊಡೆಯುವುದರಿಂದ ಏನೂ ಆಗಲಿಲ್ಲ. ಪದದ ಕೊನೆಯಲ್ಲಿ ‘ಎಲ್‌ವೈ’ ಇದ್ದರೆ ಅಡ್ವರ್ಬ್ ಎಂಬ ಸೂತ್ರವೂ ಕೈಕೊಟ್ಟಿತು. ‘ಫ್ರೆಂಡ್ಲಿ’, ‘ಲವ್ಲಿ’ ಅಡ್ಜೆಕ್ಟಿವ್‌ಗಳು.

ನನಗೆ ಜಾಸ್ತಿ ಖುಷಿ ಕೊಟ್ಟದ್ದು ಬೇರೆ. ಕನ್ನಡದಲ್ಲಿ ‘ಓಡು’ ಕ್ರಿಯಾಪದ, ‘ಓಟ’ ನಾಮಪದ. ರೂಪವೇ ಬದಲಾಗುತ್ತದೆ. ಇಂಗ್ಲಿಷಿನಲ್ಲಿ ಎರಡಕ್ಕೂ ‘ರನ್’ ನಡೆಯುತ್ತದೆ, ಪದ ಕೂತ ಜಾಗವೇ ಸುಳಿವು. ನಾವು ‘ಮೇಜಿನ ಮೇಲೆ’ ಎಂದು ‘ಮೇಲೆ’ಯನ್ನು ಆಮೇಲೆ ಹೇಳಿದರೆ, ಅವರು ‘ಆನ್ ದ ಟೇಬಲ್’ ಎಂದು ‘ಆನ್’ ಅನ್ನು ಮೊದಲೇ ಹೇಳುತ್ತಾರೆ. ಇದನ್ನು ತೋರಿಸಿದ ಮೇಲೆ ‘ಆನ್’ನಂಥ ಪ್ರಿಪೊಸಿಷನ್‌ಗಳನ್ನು ತಾನಾಗಿಯೇ ಹಿಡಿದಳು. ‘ದಟ್’ ಒಂದು ಇನ್ನೂ ಕಾಡುತ್ತಿದೆ, ಈ ಭಾನುವಾರ ಅದನ್ನು ಹಿಡಿದು ಕೂರುತ್ತೇವೆ.